ತೋಟದ ಮೂರು ಮೂಲೆಯಲ್ಲಿ ಮೂರು ರೌಟರ್: ನನ್ನ ನೆಟ್‌ವರ್ಕ್ ಲ್ಯಾಬಿನ ದಿನಚರಿ

ನಮ್ಮ ಮನೆ ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗೆ. ಮನೆಯ ಕೆಳಗೆ ಅಡಿಕೆ ತೋಟ. ತೋಟದ ಆಚೆ ಬದಿ ಸೋದರಮಾವನ ಮನೆ. ನಡುವೆ, ತೋಡಿನ ಹತ್ತಿರ, ಪಂಪ್ ಶೆಡ್ಡು. ಈ ಮೂರೂ ಕಡೆ ಒಂದೊಂದು ರೌಟರ್ ಇಟ್ಟು, ಒಂದು ದಾರಿ ಕಡಿದರೆ ಇನ್ನೊಂದು ದಾರಿ ಹಿಡಿಯುವಂತೆ ಜೋಡಿಸಿದ್ದೇನೆ. ಜನವರಿಯಲ್ಲಿ ಶುರು ಮಾಡಿದ್ದು, ಈಗ ಏಪ್ರಿಲ್ ಕೊನೆ. ಮೂರು ದಾರಿಯಲ್ಲಿ ಒಂದು ಸದ್ಯಕ್ಕೆ ಸತ್ತಿದೆ.

ನಾನು ಎಂ.ಟೆಕ್. ಎರಡನೇ ಸೆಮಿಸ್ಟರ್. ಅಡ್ವಾನ್ಸ್ಡ್ ಕಂಪ್ಯೂಟರ್ ನೆಟ್‌ವರ್ಕ್ಸ್ ಪೇಪರಿಗೆ ಒಂದು ಮಿನಿ ಪ್ರಾಜೆಕ್ಟ್ ಉಂಟು. ಕಾಲೇಜಿನಲ್ಲಿ ಸಿಮ್ಯುಲೇಟರ್ ಇದೆ, ಅದರಲ್ಲಿ ಲಿಂಕ್ ಕಡಿಯುವುದು ಅಂದರೆ ಒಂದು ಗೆರೆಯ ಮೇಲೆ ಕ್ಲಿಕ್ ಮಾಡುವುದು. ನನಗೆ ನಿಜವಾದ ವಯರನ್ನು ಕೈಯಲ್ಲಿ ಕಿತ್ತು ನೋಡಬೇಕಿತ್ತು. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂನಲ್ಲಿ ಕಲಿತವಳು ನಾನು. ಇಂಥದ್ದನ್ನು ಕನ್ನಡದಲ್ಲಿ ಹುಡುಕಿದಾಗ ನನಗೆ ಜಾಸ್ತಿ ಸಿಗಲಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ. ಥಿಯರಿ ಪುಸ್ತಕದಲ್ಲಿದೆ, ಇಲ್ಲಿ ಕೆಲಸ ಮಾತ್ರ.

ಜನವರಿ 10–12: ಮೊದಲು ಲ್ಯಾಪ್‌ಟಾಪಿನ ಒಳಗೆ

ಸಾಮಾನು ತರುವ ಮೊದಲು ಒಂದೇ ಲ್ಯಾಪ್‌ಟಾಪಿನಲ್ಲಿ ಮೂರು ರೌಟರ್ ಇದ್ದ ಹಾಗೆ ಮಾಡಿ ನೋಡಿದೆ. ಲಿನಕ್ಸಿನಲ್ಲಿ ನೆಟ್‌ವರ್ಕ್ ನೇಮ್‌ಸ್ಪೇಸ್ ಅಂತ ಇದೆ. ಒಂದೇ ಯಂತ್ರದೊಳಗೆ ಬೇರೆ ಬೇರೆ ಯಂತ್ರ ಇದ್ದ ಹಾಗೆ. ಪ್ರತಿಯೊಂದಕ್ಕೂ ಅದರದ್ದೇ ಇಂಟರ್‌ಫೇಸ್ (ವಯರ್ ಸೇರುವ ಬಾಯಿ), ಅದರದ್ದೇ ರೂಟಿಂಗ್ ಟೇಬಲ್ (ಯಾವ ವಿಳಾಸಕ್ಕೆ ಯಾವ ದಾರಿ ಎಂಬ ಪಟ್ಟಿ). ಮೂರು ನೇಮ್‌ಸ್ಪೇಸ್ ಮಾಡಿ, ಮಧ್ಯೆ ವೆತ್ ಜೋಡಿಗಳನ್ನು (ಸಾಫ್ಟ್‌ವೇರಿನ ವಯರ್) ಹಾಕಿ, ಮೇಲೆ ಎಫ್‌ಆರ್‌ಆರ್ ಓಡಿಸಿದೆ. ಎಫ್‌ಆರ್‌ಆರ್ ಅಂದರೆ ಕ್ವಾಗ್ಗಾದಿಂದ 2017ರಲ್ಲಿ ಕವಲೊಡೆದ ರೂಟಿಂಗ್ ಸಾಫ್ಟ್‌ವೇರ್. ರೌಟರ್‌ಗಳು ತಮ್ಮೊಳಗೇ ಮಾತಾಡಿಕೊಂಡು ದಾರಿ ಹುಡುಕುವ ಓಎಸ್‌ಪಿಎಫ್, ಬಿಜಿಪಿ ಎಂಬ ಪ್ರೋಟೊಕಾಲ್ ಎಲ್ಲ ಅದರಲ್ಲಿದೆ. ದುಡ್ಡು ಕೊಡಬೇಕಾಗಿಲ್ಲ.

ಮೊದಲ ದಿನವೇ ಸಿಕ್ಕಿಬಿದ್ದೆ. ಒಂದು ಲಿಂಕ್ ಡೌನ್ ಮಾಡಿದರೆ ಮೂರನೆಯದರ ಮೂಲಕ ಪಿಂಗ್ (ಆಚೆ ತುದಿ ಉತ್ತರ ಕೊಡುತ್ತದಾ ಅಂತ ನೋಡುವ ಸಣ್ಣ ಪ್ಯಾಕೆಟ್) ಹೋಗಬೇಕು. ರೂಟ್ ಟೇಬಲ್ ಸರಿ ಇದೆ, ಪಿಂಗ್ ಮಾತ್ರ ಹೋಗುವುದಿಲ್ಲ. ಐಪಿ ಫಾರ್ವರ್ಡಿಂಗ್ (ಬಂದ ಪ್ಯಾಕೆಟನ್ನು ಮುಂದೆ ದಾಟಿಸುವುದು) ಆನ್ ಮಾಡಿದ್ದೇನೆ ಅಂತ ನನಗೆ ಖಾತ್ರಿ ಇತ್ತು. ಮಾಡಿದ್ದೂ ಹೌದು, ಆದರೆ ಹೊರಗಿನ ಸಿಸ್ಟಮ್‌ನಲ್ಲಿ. ನೇಮ್‌ಸ್ಪೇಸ್‌ಗಳನ್ನು ಅದಕ್ಕಿಂತ ಮೊದಲೇ ಮಾಡಿ ಆಗಿತ್ತು. ಅವುಗಳ ಒಳಗೆ ಆ ಬೆಲೆ ಸೊನ್ನೆಯಾಗಿಯೇ ಉಳಿದಿತ್ತು. ಮೂರರ ಒಳಗೂ ಹೋಗಿ ಬೇರೆ ಬೇರೆ ಆನ್ ಮಾಡಿದ ಮೇಲೆ ಪಿಂಗ್ ಹೋಯಿತು. ಒಂದು ಸಂಜೆ ಹೋಯಿತು ಇದಕ್ಕೆ.

ಇದೇ ದಿನಗಳಲ್ಲಿ ಎಂಟಿಯು (ಒಂದು ಪ್ಯಾಕೆಟ್ ಎಷ್ಟು ಬೈಟ್ ದೊಡ್ಡದಿರಬಹುದು ಎಂಬ ಮಿತಿ) 1600 ಇಟ್ಟರೆ ಏನಾಗುತ್ತದೆ ಅಂತಲೂ ನೋಡಿದ್ದೆ. ನೋಡಿ ಆದ ಮೇಲೆ ಅದನ್ನು ಕಾನ್ಫಿಗ್ ಫೈಲಿನಿಂದ ತೆಗೆಯಲಿಲ್ಲ. ಫೆಬ್ರವರಿಯಲ್ಲಿ ಅದು ಮುಂದೆ ಬಂತು.

ಜನವರಿ 17: ಸಾಮಾನು

ಮನೆಗೆ: ಸ್ಕ್ರೀನ್ ಒಡೆದ ಹಳೆ ಲ್ಯಾಪ್‌ಟಾಪ್. ಇದ್ದದ್ದೇ. ಅದಕ್ಕೆ ಎರಡು ಯುಎಸ್‌ಬಿ ಈಥರ್‌ನೆಟ್ ಅಡಾಪ್ಟರ್, ಒಂದಕ್ಕೆ 650 ರೂಪಾಯಿ.
ಮಾವನ ಮನೆಗೆ: ಸೆಕೆಂಡ್‌ಹ್ಯಾಂಡ್ ಥಿನ್ ಕ್ಲೈಂಟ್ (ಸಣ್ಣ ಪೆಟ್ಟಿಗೆಯಂಥ ಕಂಪ್ಯೂಟರ್), 4,200. ಹೊರಗೆ ಗೋಡೆಗೆ ಹಾಕಲು ಹಳೆಯ 5 ಗಿಗಾಹರ್ಟ್ಸ್ ವೈಫೈ ಡಬ್ಬಿ, 1,800.
ಶೆಡ್ಡಿಗೆ: ಓಪನ್‌ಡಬ್ಲ್ಯುಆರ್‌ಟಿ (ರೌಟರಿನಲ್ಲಿ ಓಡುವ ಲಿನಕ್ಸ್) ಹಾಕಿದ ಹಳೆ ರೌಟರ್.

ಶೆಡ್ಡಿನ ರೌಟರ್ ವಿಷಯದಲ್ಲಿ ತಪ್ಪಿದೆ. ಗುಜರಿಯಲ್ಲಿ 350 ರೂಪಾಯಿಗೆ ಒಂದು ಸಿಕ್ಕಿತು ಅಂತ ತಂದೆ. ಮನೆಗೆ ಬಂದು ನೋಡಿದರೆ 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್. ಅಂಥವಕ್ಕೆ ಓಪನ್‌ಡಬ್ಲ್ಯುಆರ್‌ಟಿಯ 19.07 ಕೊನೆಯದು, ಆಮೇಲಿನದ್ದು ಬರುವುದಿಲ್ಲ. ಹಳೆಯದನ್ನು ಹಾಕಿದರೂ ಓಎಸ್‌ಪಿಎಫ್ ಪ್ಯಾಕೇಜಿಗೆ ಜಾಗವೇ ಇಲ್ಲ. ಆಮೇಲೆ 16 ಎಂಬಿ ಫ್ಲ್ಯಾಶ್, 128 ಎಂಬಿ ರ‍್ಯಾಮ್ ಇರುವುದನ್ನು 1,100ಕ್ಕೆ ತಂದೆ. ಹಳೆ ರೌಟರ್ ತೆಗೆದುಕೊಳ್ಳುವವರು ಮಾಡೆಲ್ ಹೆಸರಿನ ಜೊತೆ ಅಡಿಯ ಸ್ಟಿಕ್ಕರಿನಲ್ಲಿ ವರ್ಷನ್ ನಂಬರನ್ನೂ ನೋಡಿ. ಒಂದೇ ಹೆಸರಿನ ಎರಡು ವರ್ಷನ್‌ಗಳ ಒಳಗೆ ಬೇರೆ ಬೇರೆ ಚಿಪ್ ಇರುತ್ತದೆ.

ಜನವರಿ 26: ಫೈಬರ್ ಎಳೆದದ್ದು

ನಮ್ಮ ಮನೆಯಿಂದ ಮಾವನ ಮನೆಗೆ ಕಣಿಯ (ತೋಟದ ನೀರು ಹರಿಯುವ ಕಾಲುವೆಯ) ಬದಿಯಲ್ಲಿ ನಡೆದರೆ 250 ಮೀಟರ್. ತಾಮ್ರದ ಈಥರ್‌ನೆಟ್ ಕೇಬಲಿಗೆ 100 ಮೀಟರ್ ಮಿತಿ. ಹಾಗಾಗಿ ಫೈಬರ್. ಸಿಂಗಲ್ ಮೋಡ್ ಡ್ರಾಪ್ ಕೇಬಲ್ (ಕಂಬದಿಂದ ಮನೆಗೆ ಎಳೆಯುವ ಸಪೂರ ಫೈಬರ್) 300 ಮೀಟರ್, ಮೀಟರಿಗೆ 7 ರೂಪಾಯಿ.

ಮರದಿಂದ ಮರಕ್ಕೆ ಕಟ್ಟಿಕೊಂಡು ಹೋಗುವುದು ನನ್ನ ಮೊದಲಿನ ಯೋಚನೆ. ಮಾವ ಕೇಳಿದ ಕೂಡಲೇ ಬೇಡ ಅಂದರು. "ಎಂತ ಮಾರಾಯ್ತಿ, ದಿನಕ್ಕೆ ಎಷ್ಟು ಸೋಗೆ ಬೀಳ್ತದೆ ನೋಡಿದ್ದೀಯಾ? ಹಾಳೆ ಸಮೇತ ಬಿದ್ರೆ ನಿನ್ನ ಕೇಬಲ್ ಉಳೀತದಾ?" ಸರಿಯಾದ ಮಾತು. ಅಡಿಕೆ ಕೊನೆ ತೆಗೆಯುವಾಗಲೂ ಅದೇ ಕಥೆ, ಗೊನೆ ಜಾರಿ ಬಿದ್ದರೆ ಮುಗಿಯಿತು.

ಮಾವನ ಕೊಟ್ಟಿಗೆಯ ಅಟ್ಟದಲ್ಲಿ ಹಳೆಯ ಒಂದು ಇಂಚಿನ ಕರಿ ಪೈಪ್ ಇತ್ತು. ನೀರಿನ ಲೈನ್ ಬದಲಿಸಿದಾಗ ತೆಗೆದಿಟ್ಟದ್ದು. 50 ಮೀಟರಿನ ಐದು ಸುರುಳಿ. ಅದರೊಳಗೆ ಫೈಬರ್ ಹಾಕಿ ಕಣಿಯ ಬದಿಯಲ್ಲಿ ಮಣ್ಣು ಮುಚ್ಚುವುದು ಅಂತ ತೀರ್ಮಾನ ಆಯಿತು. ಇಲಿ ಕಡಿಯದ ಹಾಗೆ ಕಾಯಲಿಕ್ಕೂ ಇದು ಒಳ್ಳೆಯದೇ.

ಪೈಪಿನೊಳಗೆ ಮೊದಲು ಸಪೂರ ನೈಲಾನ್ ಬಳ್ಳಿ ಹೋಗಬೇಕು, ಆಮೇಲೆ ಬಳ್ಳಿಗೆ ಫೈಬರ್ ಕಟ್ಟಿ ಎಳೆಯಬೇಕು. ಬಳ್ಳಿಯ ತುದಿಗೆ ಪ್ಲಾಸ್ಟಿಕ್ ತೊಟ್ಟೆಯ ತುಂಡು ಕಟ್ಟಿ, ಹಿಂದಿನಿಂದ ನೀರು ಬಿಟ್ಟು ತಳ್ಳಿಸುವುದು ಅಪ್ಪನ ಉಪಾಯ. ಐದೂ ಪೈಪನ್ನು ಮೊದಲೇ ಜೋಡಿಸಿ 250 ಮೀಟರಿಗೂ ಒಂದೇ ಸಲ ಬಿಟ್ಟೆವು. ಎರಡನೇ ಜಾಯಿಂಟಿನಲ್ಲಿ ಸಿಕ್ಕಿಕೊಂಡಿತು. ಜಾಯಿಂಟರಿನ ಒಳಬಾಯಿ ಪೈಪಿಗಿಂತ ಸಣ್ಣದು, ತೊಟ್ಟೆ ಅಲ್ಲಿ ಮಡಚಿ ಕೂತಿತ್ತು. ಬಿಚ್ಚಿ ತೆಗೆಯಲು ಮುಕ್ಕಾಲು ಗಂಟೆ.

ಎರಡನೇ ಸಲ ಬೇರೆ ಬೇರೆ ಪೈಪಿಗೆ ಬೇರೆ ಬೇರೆಯಾಗಿ ಬಳ್ಳಿ ಹಾಕಿದೆವು. ಒಂದೊಂದಕ್ಕೆ ಎರಡು ನಿಮಿಷ ಸಾಕಾಯಿತು. ಅಪ್ಪ ಈಚೆ ತುದಿಯಲ್ಲಿ ಪೈಪಿನ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದರು. ನೀರು ಬಂದು, ಅದರ ಹಿಂದೆಯೇ ನೀಲಿ ತೊಟ್ಟೆಯ ತುಂಡು ಅವರ ಅಂಗೈಗೆ ಬಂದು ತಾಗುತ್ತಿತ್ತು. ಪೈಪ್ ಒಣಗಿಸಲಿಲ್ಲ, ಒದ್ದೆ ಇದ್ದರೆ ಕೇಬಲ್ ಸುಲಭವಾಗಿ ಜಾರುತ್ತದೆ.

ತುದಿ ಮಾಡಲು ಬದಿಯಡ್ಕದ ಕಡೆಯಿಂದ ಕೇಬಲ್ ಕೆಲಸದ ಅಣ್ಣ ಒಬ್ಬರು ಬಂದರು. 500 ರೂಪಾಯಿ ತೆಗೆದುಕೊಂಡರು. ಅವರ ಕೆಲಸ ನೋಡಿಯೇ ನಾನು ಕಲಿತದ್ದು. ಹೊರಗಿನ ಕಪ್ಪು ಸಿಪ್ಪೆ ಸೀಳಿದರೆ ಒಳಗೆ ಬಣ್ಣದ ಲೇಪ ಇರುವ ಎಳೆ. ಆ ಲೇಪ ತೆಗೆದರೆ ಕೂದಲಿಗಿಂತ ಸ್ವಲ್ಪ ದಪ್ಪ ಇರುವ ಗಾಜು, 125 ಮೈಕ್ರಾನ್. ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸುವಾಗ ಅದು ಕೀರ್ ಅಂತ ಸದ್ದು ಮಾಡಬೇಕು. ಸದ್ದು ಬಂದರೆ ಶುದ್ಧವಾಗಿದೆ ಅಂತ ಅರ್ಥ. ಆಮೇಲೆ ಕ್ಲೀವರಿನಲ್ಲಿ ಒಂದೇ ಏಟಿಗೆ ಕತ್ತರಿಸಿ ಫಾಸ್ಟ್ ಕನೆಕ್ಟರಿಗೆ ತೂರಿಸುವುದು. ಕತ್ತರಿಸಿದ ಗಾಜಿನ ತುಂಡುಗಳನ್ನು ಅವರು ಒಂದು ಟೇಪಿಗೆ ಅಂಟಿಸಿಕೊಳ್ಳುತ್ತಾ ಹೋದರು. ಕಾಲಿಗೆ ಚುಚ್ಚಿದರೆ ಕಣ್ಣಿಗೆ ಕಾಣುವುದೂ ಇಲ್ಲ, ಹೊರಗೆ ಬರುವುದೂ ಇಲ್ಲ ಅಂದರು.

ಮಾವನ ಮನೆಯ ತುದಿ ನಾನು ಮಾಡಿದೆ. ಪವರ್ ಮೀಟರ್ −27 ಡಿಬಿಎಂ (ಸಿಗ್ನಲಿನ ಬಲದ ಅಳತೆ, ಸೊನ್ನೆಗೆ ಹತ್ತಿರ ಬಂದಷ್ಟೂ ಬಲ ಜಾಸ್ತಿ) ತೋರಿಸಿತು. ಅಣ್ಣ ತಲೆ ಅಲ್ಲಾಡಿಸಿದರು. ಗಾಜಿನ ತುದಿ ಓರೆಯಾಗಿ ಕತ್ತರಿಸಿದ್ದೆ. ಎರಡನೇ ಸಲ −19. ಮೂರನೇ ಸಲ −13. ಅಷ್ಟು ಸಾಕು. ಇಷ್ಟು ಸಣ್ಣ ದೂರದಲ್ಲಿ ಫೈಬರ್ ತಿನ್ನುವ ಬೆಳಕು ಲೆಕ್ಕಕ್ಕೇ ಇಲ್ಲ, ಹೋಗುವುದೆಲ್ಲ ತುದಿಗಳಲ್ಲೇ.

ಅವರು ಇನ್ನೂ ಎರಡು ಮಾತು ಹೇಳಿದರು. ಒಂದು, ಡ್ರಾಪ್ ಕೇಬಲಿನ ಬದಿಯಲ್ಲಿ ಅಂಟಿಕೊಂಡಿರುವ ಸ್ಟೀಲ್ ತಂತಿಯನ್ನು ಸೀಳಿ ತೆಗೆಯಬೇಕು. ಪೈಪಿನೊಳಗೆ ಹೋಗುವ ಕೇಬಲಿಗೆ ಅದು ಬೇಡ, ಸಿಡಿಲಿಗೆ ದಾರಿ ಆಗುತ್ತದೆ. ಅದನ್ನು ಮಾಡಿದೆವು. ಎರಡು, ಮನೆಯಿಂದ ಶೆಡ್ಡಿಗೆ ನಾನು ಆಗಲೇ ಎಳೆದಿದ್ದ 60 ಮೀಟರಿನ ಕ್ಯಾಟ್-6 (ತಾಮ್ರದ ಈಥರ್‌ನೆಟ್) ಕೇಬಲನ್ನು ಮಳೆ ಶುರುವಾಗುವ ಮೊದಲು ತೆಗೆದು ಅಲ್ಲಿಗೂ ಫೈಬರ್ ಹಾಕಬೇಕು. ಅದನ್ನು ಮಾಡಲಿಲ್ಲ. ಆಮೇಲೆ ನೋಡುವ ಅಂದುಕೊಂಡೆ.

ಜನವರಿ 28 – ಫೆಬ್ರವರಿ 3: ಬೆಳಕಿದೆ, ಲಿಂಕ್ ಇಲ್ಲ

ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ಈಥರ್‌ನೆಟ್ಟಿಗೆ ಜೋಡಿಸುವ ಪೆಟ್ಟಿಗೆ) ಹಾಕಿದೆ. ಮೀಟರ್ ಎರಡೂ ಕಡೆ ಬೆಳಕು ತೋರಿಸುತ್ತದೆ. ಕನ್ವರ್ಟರಿನ ಫೈಬರ್ ಲೈಟ್ ಮಾತ್ರ ಹೊತ್ತುವುದಿಲ್ಲ. ನನ್ನ ಕನೆಕ್ಟರೇ ಸರಿ ಇಲ್ಲ ಅಂತ ಇನ್ನೂ ಎರಡು ಸಲ ತುದಿ ಕತ್ತರಿಸಿದೆ.

ಒಂದೇ ಎಳೆಯಲ್ಲಿ ಹೋಗುವುದು ಬರುವುದು ಎರಡೂ ಆಗಬೇಕಾದರೆ ಎರಡು ಬಣ್ಣದ ಬೆಳಕು ಬೇಕು. ಒಂದು ಪೆಟ್ಟಿಗೆ 1310 ನ್ಯಾನೊಮೀಟರಿನಲ್ಲಿ ಕಳಿಸಿ 1550ರಲ್ಲಿ ಕೇಳುತ್ತದೆ, ಇನ್ನೊಂದು ಅದರ ಉಲ್ಟಾ. ಅದಕ್ಕೇ ಅವು ಎ ಮತ್ತು ಬಿ ಅಂತ ಜೋಡಿಯಾಗಿ ಬರುತ್ತವೆ. ನಾನು ಒಂದೇ ಮಾದರಿಯನ್ನು ಎರಡು ಅಂತ ಆರ್ಡರ್ ಮಾಡಿದ್ದೆ. ಎರಡೂ ಎ. ಎರಡೂ 1310ರಲ್ಲಿ ಮಾತಾಡುತ್ತಿದ್ದವು, ಎರಡೂ 1550ಕ್ಕೆ ಕಿವಿ ಕೊಟ್ಟು ಕೂತಿದ್ದವು. ಬಿ ಒಂದನ್ನು ತರಿಸಲು ಇನ್ನೂ 700 ರೂಪಾಯಿ, ಐದು ದಿನ. ಬಂದ ದಿನ ಸಿಕ್ಕಿಸಿದ ಕೂಡಲೇ ಲೈಟ್ ಹೊತ್ತಿತು. ಪಿಂಗ್ 0.6 ಮಿಲಿಸೆಕೆಂಡ್. ಗಾಜಿನಲ್ಲಿ ಬೆಳಕಿಗೆ ಒಂದು ಕಿಲೋಮೀಟರಿಗೆ 5 ಮೈಕ್ರೊಸೆಕೆಂಡ್ ಹಿಡಿಯುತ್ತದೆ, ನಮ್ಮ ತೋಟ ದಾಟಲು ಒಂದೂಕಾಲು ಸಾಕು. ಉಳಿದ ಹೊತ್ತೆಲ್ಲ ಪೆಟ್ಟಿಗೆಗಳ ಒಳಗೆ ಹೋಗುವುದು.

ಫೆಬ್ರವರಿ 6: ಎಕ್ಸ್‌ಸ್ಟಾರ್ಟಿನಲ್ಲಿ ನಿಂತದ್ದು

ಎಫ್‌ಆರ್‌ಆರ್ ಓಡಿಸಿದೆ. ಮನೆ ಮತ್ತು ಮಾವನ ಮನೆ ಪರಸ್ಪರ ಗುರುತು ಹಿಡಿದವು. ಆದರೆ ದಾರಿಗಳ ಮಾಹಿತಿ ಪೂರ್ತಿ ಹಂಚಿಕೊಂಡ ಫುಲ್ ಸ್ಥಿತಿಗೆ ಬರುವುದಿಲ್ಲ. ಒಂದು ಕಡೆ ಎಕ್ಸ್‌ಸ್ಟಾರ್ಟ್, ಇನ್ನೊಂದು ಕಡೆ ಎಕ್ಸ್‌ಚೇಂಜ್, ಎರಡೂ ಫುಲ್‌ಗಿಂತ ಮೊದಲಿನ ಹಂತ. ಅಲ್ಲೇ ನಿಲ್ಲುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡುತ್ತದೆ.

ನಾನಿದ್ದೇನೆ ಅಂತ ಹೇಳುವ ಹೆಲೋ ಪ್ಯಾಕೆಟಿನಲ್ಲಿ ಎಂಟಿಯು ಬರೆದಿರುವುದಿಲ್ಲ. ತನ್ನಲ್ಲಿರುವ ಮಾಹಿತಿಯ ಪಟ್ಟಿ ಕಳಿಸುವ ಡೇಟಾಬೇಸ್ ಡಿಸ್ಕ್ರಿಪ್ಷನ್ ಪ್ಯಾಕೆಟಿನಲ್ಲಿ ಬರೆದಿರುತ್ತದೆ. ಅದು ತನ್ನ ಮಿತಿಗಿಂತ ದೊಡ್ಡದಿದ್ದರೆ ಪ್ಯಾಕೆಟನ್ನು ಬಿಸಾಡಬೇಕು ಅಂತ 1998ರ ಆರ್‌ಎಫ್‌ಸಿ 2328 (ಓಎಸ್‌ಪಿಎಫ್‌ನ ನಿಯಮ ಬರೆದಿರುವ ದಾಖಲೆ) ಹೇಳುತ್ತದೆ. ಪರೀಕ್ಷೆಗೆ ಇದನ್ನು ಓದಿದ್ದೆ, ಬರೆದಿದ್ದೆ ಕೂಡ. ಆದರೂ ಕಣ್ಣೆದುರು ಬಂದಾಗ ಹೊಳೆಯಲಿಲ್ಲ. ಇಂಟರ್‌ನೆಟ್ಟಿನಲ್ಲಿ ನೋಡಿ "ಎಂಟಿಯು ಇಗ್ನೋರ್" ಹಾಕಿದೆ. ಕೂಡಲೇ ಫುಲ್ ಆಯಿತು. ಖುಷಿಯಲ್ಲಿ ಮಲಗಿದೆ.

ಮರುದಿನ ಮಾವನ ಮನೆಯಿಂದ 1550 ಬೈಟಿನ ಪಿಂಗ್ ಹಾಕಿದರೆ ಉತ್ತರವೇ ಇಲ್ಲ. ಆಗ ಎರಡೂ ಕಡೆಯ ಇಂಟರ್‌ಫೇಸ್ ನೋಡಿದೆ. ಮನೆಯಲ್ಲಿ 1500, ಮಾವನ ಮನೆಯಲ್ಲಿ 1600. ಜನವರಿಯ ಕಾನ್ಫಿಗ್ ಫೈಲನ್ನು ಅಲ್ಲಿಗೆ ಹಾಗೆಯೇ ಕಾಪಿ ಮಾಡಿದ್ದೆ. ಓಎಸ್‌ಪಿಎಫ್ ಸರಿಯಾಗಿಯೇ ತಕರಾರು ಮಾಡಿತ್ತು, ನಾನು ಅದರ ಬಾಯಿ ಮುಚ್ಚಿಸಿದ್ದೆ. ಎಂಟಿಯು 1500 ಮಾಡಿ, ಆ ಇಗ್ನೋರ್ ಸಾಲು ತೆಗೆದೆ. ಆವತ್ತಿನಿಂದ ಒಂದು ಕ್ರಮ ಇಟ್ಟುಕೊಂಡಿದ್ದೇನೆ: ಬೆಳಕು, ಲಿಂಕ್, ಎಂಟಿಯು, ಪಿಂಗ್. ಈ ನಾಲ್ಕು ನೋಡಿದ ಮೇಲೆಯೇ ಪ್ರೋಟೊಕಾಲ್ ಕಡೆ ಕೈ ಹಾಕುವುದು.

ಫೆಬ್ರವರಿ 12–20: ಶೆಡ್ಡಿನ ರೌಟರ್ ದಿನಾ ಬೆಳಿಗ್ಗೆ ಬೀಳುವುದು

ಮೂರನೆಯದು ಶೆಡ್ಡು. ಮನೆಯಿಂದ ಕ್ಯಾಟ್-6, ಮಾವನ ಮನೆಗೆ ವೈಫೈ, ಸುಮಾರು 180 ಮೀಟರ್. ರೌಟರನ್ನು ಮೊದಲು ಶೆಡ್ಡಿನ ಒಳಗೇ ಇಟ್ಟೆ. ಕೆಂಪುಕಲ್ಲಿನ ಗೋಡೆ, ತಗಡಿನ ಮಾಡು. ಸಿಗ್ನಲ್ ಇಲ್ಲವೇ ಇಲ್ಲ. ಹೊರಗೆ ಮಾಡಿನ ಅಡಿಯಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ತೂಗುಹಾಕಿದ ಮೇಲೆ −72 ಡಿಬಿಎಂ. ಓಎಸ್‌ಪಿಎಫ್ ಕಾಸ್ಟನ್ನು (ಒಟ್ಟು ಕಡಿಮೆ ಇರುವ ದಾರಿಯನ್ನೇ ಅದು ಹಿಡಿಯುವುದು) ಕೈಯಾರೆ ಇಟ್ಟೆ: ಫೈಬರಿಗೆ 10, ಕ್ಯಾಟ್-6ಕ್ಕೆ 10, ವೈಫೈಗೆ 100. ಹೀಗೆ ಇಟ್ಟರೆ ಶೆಡ್ಡಿನಿಂದ ಮಾವನ ಮನೆಗೆ ಹೋಗುವುದೂ ನಮ್ಮ ಮನೆ ಸುತ್ತಿಕೊಂಡೇ ಹೋಗುತ್ತದೆ, ವೈಫೈ ಕಷ್ಟಕಾಲಕ್ಕೆ ಮಾತ್ರ.

ದಿನಾ ಬೆಳಿಗ್ಗೆ ಆರು ಗಂಟೆ ಆಸುಪಾಸಿಗೆ ಶೆಡ್ಡು ನೆಟ್‌ವರ್ಕಿನಿಂದ ಮಾಯ. ಒಂದೆರಡು ನಿಮಿಷದಲ್ಲಿ ವಾಪಸ್. ಆ ಹೊತ್ತಿಗೆ ಅಪ್ಪ ಪಂಪ್ ಹಾಕಿ ತೋಟಕ್ಕೆ ನೀರು ಬಿಡುತ್ತಾರೆ. ನನ್ನ ಮನಸ್ಸಿನಲ್ಲಿ ಒಂದು ಲೆಕ್ಕ ಕೂತುಬಿಟ್ಟಿತು: ಸ್ಪ್ರಿಂಕ್ಲರ್ ಹಾರಿಸುವ ನೀರಿಗೆ ಎಲೆ ಒದ್ದೆಯಾಗುತ್ತದೆ, ಒದ್ದೆ ಎಲೆ 5 ಗಿಗಾಹರ್ಟ್ಸನ್ನು ತಡೆಯುತ್ತದೆ, ವೈಫೈ ಬೀಳುತ್ತದೆ. ಫ್ರೆನೆಲ್ ವಲಯದ (ರೇಡಿಯೊ ಅಲೆಗೆ ಎರಡು ತುದಿಯ ನಡುವೆ ಬೇಕಾದ ಖಾಲಿ ಜಾಗದ) ಲೆಕ್ಕವನ್ನೂ ಮಾಡಿದೆ. ಈ ದೂರಕ್ಕೆ ನಡುಮಧ್ಯದಲ್ಲಿ ಸುಮಾರು ಒಂದೂವರೆ ಮೀಟರ್ ರೇಡಿಯಸ್ಸಿನಷ್ಟು ಜಾಗ ಖಾಲಿ ಬೇಕು. ಚಾನಲ್ 36ರಿಂದ 149ಕ್ಕೆ ಬದಲಿಸಿದೆ. ಡಬ್ಬಿಯನ್ನು ಒಂದು ಮೀಟರ್ ಮೇಲೆ ಏರಿಸಿದೆ. ಆರು ದಿನ ಹೀಗೇ ಹೋಯಿತು.

ಕಾರಣ ಹೇಳಿದ್ದು ಅಪ್ಪ. "ನಾನು ಸ್ವಿಚ್ ಒತ್ತಿದ ಕೂಡ್ಲೆ ನಿನ್ನ ಪೆಟ್ಟಿಗೆಯ ಲೈಟೆಲ್ಲ ಒಮ್ಮೆ ನಂದಿ ಪುನಃ ಹೊತ್ತುತ್ತದೆ ಮಗಳೇ. ಅದು ಹಾಗೆಯೇ ಇರ್ಲಿಕ್ಕಾ?"

5 ಎಚ್‌ಪಿ ಮೋಟರ್ ಶುರುವಾಗುವಾಗ ಒಮ್ಮೆಗೇ ತುಂಬ ಕರೆಂಟ್ ಎಳೆಯುತ್ತದೆ. ಶೆಡ್ಡಿನ ಅದೇ ಲೈನಿನಲ್ಲಿ ವೋಲ್ಟೇಜ್ ಕುಸಿಯುತ್ತದೆ. ರೌಟರಿನ ಅಡಾಪ್ಟರಿಗೆ ಅದನ್ನು ತಡೆದುಕೊಳ್ಳಲು ಆಗುತ್ತಿರಲಿಲ್ಲ. ವೈಫೈ ಬೀಳುತ್ತಿದ್ದದ್ದು ಅಲ್ಲ, ಇಡೀ ರೌಟರ್ ರೀಸ್ಟಾರ್ಟ್ ಆಗುತ್ತಿತ್ತು.

ಇಲ್ಲಿ ನನ್ನ ತಪ್ಪು ಎರಡು. ಓಪನ್‌ಡಬ್ಲ್ಯುಆರ್‌ಟಿಯ ಲಾಗ್ ಇರುವುದು ರ‍್ಯಾಮಿನಲ್ಲಿ, ರೀಸ್ಟಾರ್ಟ್ ಆದರೆ ಅಳಿಸಿಹೋಗುತ್ತದೆ. ಲಾಗ್ ಖಾಲಿ ಇದ್ದದ್ದೇ ಒಂದು ಸುಳಿವು, ಅಪ್‌ಟೈಮ್ (ಶುರುವಾಗಿ ಎಷ್ಟು ಹೊತ್ತಾಯಿತು ಎಂಬುದು) ಒಮ್ಮೆ ನೋಡಿದ್ದರೆ ಸಾಕಿತ್ತು. ಎರಡನೆಯದು ಇನ್ನೂ ದೊಡ್ಡದು. ಮನೆಯ ಲಾಗಿನಲ್ಲಿ ಕ್ಯಾಟ್-6 ಕಡೆಯ ನೈಬರ್ (ಎದುರಿನ ರೌಟರ್) ಕೂಡ ಅದೇ ನಿಮಿಷಕ್ಕೆ ಬಿದ್ದದ್ದು ಕಾಣುತ್ತಿತ್ತು. ಎಲೆ ಒದ್ದೆಯಾದರೆ ವಯರ್ ಯಾಕೆ ಬೀಳಬೇಕು? ಆ ಸಾಲು ನನ್ನ ಕಣ್ಣಿಗೆ ಬಿದ್ದಿತ್ತು. ನನ್ನ ಲೆಕ್ಕಕ್ಕೆ ಕೂಡುವುದಿಲ್ಲ ಅಂತ ಅದನ್ನು ದಾಟಿ ಮುಂದೆ ಓದಿದ್ದೆ.

ಬ್ಯಾಟರಿ ಇರುವ ಸಣ್ಣ ರೌಟರ್ ಯುಪಿಎಸ್, 1,150 ರೂಪಾಯಿ. ಹಾಕಿದ ಮರುದಿನದಿಂದ ಬೀಳಲಿಲ್ಲ. ಮೂರೂ ರೌಟರಿನ ಲಾಗನ್ನು ಮನೆಯ ಲ್ಯಾಪ್‌ಟಾಪಿಗೆ ಬರುವಂತೆ ಮಾಡಿದೆ.

ಮಾರ್ಚ್ 2–9: ವಯರ್ ಕಿತ್ತು ನೋಡಿದ್ದು

ಇದಕ್ಕೋಸ್ಕರವೇ ಇಷ್ಟೆಲ್ಲ ಮಾಡಿದ್ದು. ಮನೆಯಿಂದ ಮಾವನ ಮನೆಗೆ ಪಿಂಗ್ ಓಡಿಸಿ, ಫೈಬರ್ ಕಿತ್ತು, ಎಷ್ಟು ಸೆಕೆಂಡಿಗೆ ವಾಪಸ್ ಬರುತ್ತದೆ ಅಂತ ಅಳೆಯುವುದು.

ಮೊದಲ ದಿನದ ಅಳತೆ ಪೂರ್ತಿ ಬಿಸಾಡಬೇಕಾಯಿತು. ನಾನು ಪಿಂಗ್ ಮಾಡುತ್ತಿದ್ದದ್ದು ಫೈಬರ್ ಲಿಂಕಿನದ್ದೇ ಐಪಿಗೆ. ಪರೀಕ್ಷೆ ಮಾಡುವ ಲಿಂಕಿನ ವಿಳಾಸವನ್ನೇ ಗುರಿ ಇಟ್ಟುಕೊಂಡರೆ ಆ ಅಳತೆಯಿಂದ ಏನೂ ಗೊತ್ತಾಗುವುದಿಲ್ಲ. ಪ್ರತಿ ರೌಟರಿನ ಲೂಪ್‌ಬ್ಯಾಕಿಗೆ (ಯಾವ ವಯರಿಗೂ ಸೇರದ, ಒಳಗಿನ ಇಂಟರ್‌ಫೇಸ್) ಒಂದು ವಿಳಾಸ ಕೊಟ್ಟು, ಅದನ್ನು ಓಎಸ್‌ಪಿಎಫ್‌ನಲ್ಲಿ ಸಾರಿ, ಅಲ್ಲಿಗೆ ಪಿಂಗ್ ಹಾಕಿದೆ.

ಈಥರ್‌ನೆಟ್ ವಯರನ್ನು ಲ್ಯಾಪ್‌ಟಾಪಿನಿಂದ ಕಿತ್ತರೆ: ಒಂದು ಪಿಂಗ್ ಕಳೆದುಹೋಗುತ್ತದೆ, ಅಷ್ಟೇ.
ಫೈಬರನ್ನು ಕನ್ವರ್ಟರಿನಿಂದ ಕಿತ್ತರೆ: ಐದು ಸಲಕ್ಕೆ 33, 38, 36, 31, 39 ಸೆಕೆಂಡ್.

ಎರಡೂ ಒಂದೇ ದಾರಿ ಕಡಿಯುವುದು, ಅಲ್ವಾ? ಆದರೆ ಕನ್ವರ್ಟರ್ ಮಧ್ಯದಲ್ಲಿ ಕೂತಿದೆ. ಫೈಬರ್ ಹೋದರೂ ಲ್ಯಾಪ್‌ಟಾಪಿನ ಕಡೆಯ ತಾಮ್ರದ ಲಿಂಕ್ ಹಾಗೆಯೇ ಹೊತ್ತಿಕೊಂಡಿರುತ್ತದೆ. ಲ್ಯಾಪ್‌ಟಾಪಿಗೆ ಏನೂ ಗೊತ್ತಾಗುವುದಿಲ್ಲ. ಓಎಸ್‌ಪಿಎಫ್ 10 ಸೆಕೆಂಡಿಗೊಂದು ಹೆಲೋ ಕಳಿಸುತ್ತದೆ, 40 ಸೆಕೆಂಡ್ ಏನೂ ಕೇಳದಿದ್ದರೆ ನೈಬರ್ ಸತ್ತ ಅನ್ನುತ್ತದೆ. ಕೊನೆಯ ಹೆಲೋ ಬಂದು ಎಷ್ಟು ಹೊತ್ತಾಗಿತ್ತೋ ಅಷ್ಟು ಕಳೆದರೆ 30ರಿಂದ 40ರ ನಡುವೆ ಬರುತ್ತದೆ. ನನ್ನ ಐದೂ ಅಳತೆ ಅದರೊಳಗೇ ಕೂತಿವೆ. ಸಿಮ್ಯುಲೇಟರಿನಲ್ಲಿ ಗೆರೆ ಕಡಿದಾಗ ಇದು ನನಗೆ ಕಂಡದ್ದೇ ಇಲ್ಲ. ಅಲ್ಲಿ ನಾನು ಕನ್ವರ್ಟರ್ ಅಂತ ಒಂದನ್ನು ಇಟ್ಟೇ ಇರಲಿಲ್ಲ.

ಕೆಲವು ಕನ್ವರ್ಟರುಗಳಲ್ಲಿ ಫೈಬರ್ ಹೋದರೆ ತಾಮ್ರದ ಕಡೆಯನ್ನೂ ಇಳಿಸುವ ಸೌಲಭ್ಯ ಇರುತ್ತದೆ. ನನ್ನದರಲ್ಲಿ ಇಲ್ಲ. ಹಾಗಾಗಿ ಬಿಎಫ್‌ಡಿ ಹಾಕಿದೆ. 2010ರ ಆರ್‌ಎಫ್‌ಸಿ 5880. ಎದುರಿನವನು ಬದುಕಿದ್ದಾನಾ ಅಂತ ಪದೇ ಪದೇ ಕೇಳುವುದು ಮಾತ್ರ ಅದರ ಕೆಲಸ. ಎಫ್‌ಆರ್‌ಆರ್‌ನಲ್ಲಿ ಹೇಳದಿದ್ದರೆ 300 ಮಿಲಿಸೆಕೆಂಡಿಗೆ ಒಂದು, ಮೂರು ತಪ್ಪಿದರೆ ಸತ್ತ ಲೆಕ್ಕ. ಫೈಬರ್ ಕಿತ್ತೆ. ಒಂದೇ ಪಿಂಗ್ ಕಳೆದುಹೋಯಿತು. ನಂಬಿಕೆ ಬರದೆ ಹತ್ತು ಸಲ ಕಿತ್ತು ಹಾಕಿದೆ. ಅತ್ತೆ ಆಚೆ ಮನೆಯಿಂದ ಫೋನ್ ಮಾಡಿ, "ಇದರ ಲೈಟ್ ಮಿನುಗ್ತಾ ಉಂಟು, ಹಾಳಾಯ್ತಾ?" ಅಂತ ಕೇಳಿದರು.

ವೈಫೈ ಲಿಂಕಿಗೂ ಅದೇ 300 ಇಟ್ಟದ್ದು ತಪ್ಪಾಯಿತು. ಗಂಟೆಗೆ ಐದಾರು ಸಲ ಸುಮ್ನೆ ಬಿದ್ದು ಏಳುತ್ತಿತ್ತು. ಅಲ್ಲಿಗೆ ಒಂದು ಸೆಕೆಂಡ್ ಮಾಡಿದೆ, ನಿಂತಿತು.

ಮಾರ್ಚ್ 15–18: ಕ್ಯೂ

ಸಿಲೆಬಸ್ಸಿನ ಇನ್ನೊಂದು ಭಾಗ ಬಫರ್‌ಬ್ಲೋಟ್, ಅಂದರೆ ಉದ್ದದ ಕ್ಯೂನಲ್ಲಿ ಪ್ಯಾಕೆಟ್‌ಗಳು ಕಾದು ಕಾದು ತಡವಾಗುವುದು. ಮನೆಯ ರೌಟರಿನಲ್ಲಿ ಮಾವನ ಮನೆ ಕಡೆಗೆ 10 ಎಂಬಿಪಿಎಸ್ ಮಿತಿ ಹಾಕಿ, ಅದರ ಹಿಂದೆ 1000 ಪ್ಯಾಕೆಟಿನ ಸಾದಾ ಕ್ಯೂ ಇಟ್ಟೆ. ಒಂದೊಂದು ಪ್ಯಾಕೆಟ್ 1500 ಬೈಟ್. ಕ್ಯೂ ತುಂಬಿದರೆ 12 ಮೆಗಾಬಿಟ್, ಖಾಲಿಯಾಗಲು 1.2 ಸೆಕೆಂಡ್. ಅಂದರೆ ಪಿಂಗ್ 0.6 ಮಿಲಿಸೆಕೆಂಡಿನಿಂದ 1200ಕ್ಕೆ ಏರಬೇಕು.

ಲಿಂಕ್ ತುಂಬಿಸಿ ವೇಗ ಅಳೆಯುವ ಐಪರ್ಫ್ ಓಡಿಸಿದೆ. ಪಿಂಗ್ 10 ಮಿಲಿಸೆಕೆಂಡ್ ಕೂಡ ದಾಟಲಿಲ್ಲ. ಮಿತಿ ಕೆಲಸ ಮಾಡುತ್ತಿದೆ, ವೇಗ 10ಕ್ಕೆ ನಿಂತಿದೆ. ಕ್ಯೂ ಮಾತ್ರ ತುಂಬುವುದಿಲ್ಲ. ಇಡೀ ಒಂದು ದಿನ ತಲೆ ಕೆಡಿಸಿಕೊಂಡೆ. ಐಪರ್ಫ್ ಅನ್ನು ನಾನು ಅದೇ ರೌಟರಿನಲ್ಲಿ ಓಡಿಸುತ್ತಿದ್ದೆ. ಲಿನಕ್ಸ್ 3.6ರಿಂದ ಟಿಸಿಪಿ ಸ್ಮಾಲ್ ಕ್ಯೂಸ್ ಅಂತ ಒಂದು ವ್ಯವಸ್ಥೆ ಇದೆ. ಅದೇ ಯಂತ್ರದಿಂದ ಹೊರಡುವ ಟಿಸಿಪಿ (ಐಪರ್ಫ್ ಡೇಟಾ ಕಳಿಸುವ ಪ್ರೋಟೊಕಾಲ್) ತನ್ನದೇ ಕ್ಯೂನಲ್ಲಿ ಜಾಸ್ತಿ ರಾಶಿ ಹಾಕದಂತೆ ಅದು ತಡೆಯುತ್ತದೆ. ತಮ್ಮನ ಲ್ಯಾಪ್‌ಟಾಪನ್ನು ರೌಟರಿನ ಹಿಂದೆ ಜೋಡಿಸಿ ಅಲ್ಲಿಂದ ಐಪರ್ಫ್ ಹಾಕಿದೆ. ಪಿಂಗ್ 400, 800, 1190. ಲೆಕ್ಕ ಮಾಡಿದ ನಂಬರ್ ಪರದೆಯ ಮೇಲೆ ಬಂದು ನಿಂತಾಗ ಆದ ಸಂತೋಷ ದೊಡ್ಡದು.

ಆಮೇಲೆ ಆ ಸಾದಾ ಕ್ಯೂ ಜಾಗಕ್ಕೆ, ಕಾಯುವ ಹೊತ್ತು ಬೆಳೆಯದಂತೆ ನೋಡಿಕೊಳ್ಳುವ ಎಫ್‌ಕ್ಯೂ-ಕೋಡೆಲ್ ಹಾಕಿದೆ, 2018ರ ಆರ್‌ಎಫ್‌ಸಿ 8290ರಲ್ಲಿರುವುದು. ಅದೇ ಐಪರ್ಫ್, ಅದೇ 10 ಎಂಬಿಪಿಎಸ್. ಪಿಂಗ್ 4 ಮಿಲಿಸೆಕೆಂಡ್. ಉಲ್ಟಾ ದಿಕ್ಕಿನಲ್ಲಿ ಡೌನ್‌ಲೋಡ್ ಮಾಡಿದರೆ ಮಿತಿಯೇ ಅನ್ವಯ ಆಗಲಿಲ್ಲ, ಯಾಕೆಂದರೆ ಹೊರಗೆ ಹೋಗುವ ದಿಕ್ಕಿಗೆ ಮಾತ್ರ ಹಾಕಿದ್ದೆ. ಮಾವನ ಮನೆಯ ಪೆಟ್ಟಿಗೆಯಲ್ಲೂ ಅದನ್ನೇ ಹಾಕಬೇಕಾಯಿತು.

ಮಾರ್ಚ್ ಕೊನೆಗೆ ಲೆಕ್ಕ ಹಾಕಿದರೆ ಒಟ್ಟು ಖರ್ಚು 16,170 ರೂಪಾಯಿ. ಮೇಲೆ ಹೇಳಿದ್ದಲ್ಲದೆ ಕ್ಯಾಟ್-6ಗೆ 1,320, ಮೂರು ಕನ್ವರ್ಟರಿಗೆ 2,100, ಹತ್ತು ಫಾಸ್ಟ್ ಕನೆಕ್ಟರಿಗೆ 250. ಇದರಲ್ಲಿ ಗುಜರಿ ರೌಟರಿನ 350 ಮತ್ತು ತಪ್ಪಿ ತಂದ ಎ ಕನ್ವರ್ಟರಿನ 700 ದಂಡ.

ಏಪ್ರಿಲ್ 18: ಸಿಡಿಲು

ಮಧ್ಯಾಹ್ನದ ಮೇಲೆ ಮೋಡ ಕಟ್ಟಿತು. ಈ ವರ್ಷದ ಮೊದಲ ದೊಡ್ಡ ಮಳೆ. ಅಂಗಳದಲ್ಲಿ ಒಣ ಹಾಕಿದ್ದ ಅಡಿಕೆಯನ್ನು ರಾಶಿ ಮಾಡಿ ಟರ್ಪಾಲ್ ಎಳೆಯಲು ಎಲ್ಲರೂ ಓಡಿದೆವು. ಕ್ಯಾಟ್-6 ಕೇಬಲನ್ನು ತೆಗೆದಿಡುವುದು ನೆನಪಿಗೆ ಬರಲಿಲ್ಲ. 4 ಗಂಟೆ 42 ನಿಮಿಷಕ್ಕೆ ಶೆಡ್ಡಿನ ಹತ್ತಿರವೇ ಒಂದು ಹೊಡೆಯಿತು. ಶೆಡ್ಡಿನ ಕರೆಂಟ್ ಅದಕ್ಕೂ ಮೊದಲೇ ಹೋಗಿತ್ತು.

ಒಳಗೆ ಬಂದು ನೋಡಿದರೆ ಲ್ಯಾಪ್‌ಟಾಪಿನ ಒಂದು ಯುಎಸ್‌ಬಿ ಅಡಾಪ್ಟರ್ ಸುಟ್ಟ ವಾಸನೆ. ಶೆಡ್ಡಿನ ರೌಟರಿನಲ್ಲಿ ಆ ಒಂದು ಪೋರ್ಟ್ ಸತ್ತಿದೆ, ಉಳಿದದ್ದು ಉಳಿದಿದೆ. ಲ್ಯಾಪ್‌ಟಾಪ್ ಪೂರ್ತಿ ಹೋಗದೆ ಇದ್ದದ್ದು ಪುಣ್ಯ. ಸ್ಟೀಲ್ ತಂತಿ ತೆಗೆದ ಫೈಬರಿಗೆ ಏನೂ ಆಗಿಲ್ಲ. ಕೇಬಲ್ ಅಣ್ಣ ಜನವರಿಯಲ್ಲೇ ಹೇಳಿದ್ದರು. ನಾನು ಮುಂದೂಡಿದೆ. 650 ರೂಪಾಯಿಗೆ ಮುಗಿಯಿತು, ಜೀವಕ್ಕೂ ಅಪಾಯ ಇತ್ತು. ಗುಡುಗು ಸಿಡಿಲು ಬರುವ ನಮ್ಮ ಕಡೆ ತೋಟದಲ್ಲಿ ತಾಮ್ರದ ಕೇಬಲ್ ಎಳೆಯಲೇಬೇಡಿ.

ಆ ಹೊತ್ತಿಗೆ ಒಂದು ಪಿಂಗ್ ಓಡುತ್ತಲೇ ಇತ್ತು, ಮನೆಯಿಂದ ಶೆಡ್ಡಿನ ಲೂಪ್‌ಬ್ಯಾಕಿಗೆ. ರಾತ್ರಿ ಅದರ ಲಾಗ್ ತೆರೆದೆ. 4:42ರ ತನಕ 0.5 ಮಿಲಿಸೆಕೆಂಡ್, ಟಿಟಿಎಲ್ (ನಡುವೆ ದಾಟಿದ ಪ್ರತಿ ರೌಟರಿಗೆ ಒಂದು ಕಡಿಮೆಯಾಗುವ ಎಣಿಕೆ) 64. ನಡುವೆ ಒಂದು ಪಿಂಗಿನ ನಂಬರ್ ಇಲ್ಲ. ಅದರ ಮುಂದಿನ ಸಾಲಿನಲ್ಲಿ 4 ಮಿಲಿಸೆಕೆಂಡ್, ಟಿಟಿಎಲ್ 63. ಪ್ಯಾಕೆಟ್ ಫೈಬರಿನಲ್ಲಿ ಮಾವನ ಮನೆಗೆ ಹೋಗಿ, ಅಲ್ಲಿಂದ ಮಳೆಯ ನಡುವೆ ವೈಫೈಯಲ್ಲಿ ಶೆಡ್ಡಿಗೆ ಇಳಿದಿತ್ತು. ಶೆಡ್ಡಿನ ರೌಟರ್ ಆಗ ಓಡುತ್ತಿದ್ದದ್ದು ಪಂಪಿಗಾಗಿ ತಂದ ಆ ಸಣ್ಣ ಯುಪಿಎಸ್‌ನಲ್ಲಿ. ಅಪ್ಪನನ್ನು ಕರೆದು ಆ ಎರಡು ಸಾಲು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ನೋಡಿದರು.

ಏಪ್ರಿಲ್ 24: ಈಗ ನಿಂತಿರುವುದು ಎಲ್ಲಿ

ಕ್ಯಾಟ್-6 ಸುತ್ತಿ ಅಟ್ಟಕ್ಕೆ ಹಾಕಿದೆ. ಶೆಡ್ಡಿಗೆ ಫೈಬರ್ ಎಳೆಯಬೇಕು. ಟೇಪ್ ಹಿಡಿದು ಅಳೆದರೆ ತುದಿಗಳೂ ಸೇರಿ 64 ಮೀಟರ್. ಜನವರಿಯ 300 ಮೀಟರಿನಲ್ಲಿ 262 ಹೋಗಿ 38 ಉಳಿದಿದೆ, ಸಾಲದು. ಹೊಸದಾಗಿ 100 ಮೀಟರ್ ಹೇಳಿದ್ದೇನೆ, 700 ರೂಪಾಯಿ. ಪೈಪ್ ಸುರುಳಿ ಮುಗಿದಿದೆ, ಮಾವ ಎಲ್ಲಿಂದಲೋ ಎರಡು ತುಂಡು ಹುಡುಕಿ ಕೊಡುತ್ತೇನೆ ಅಂದಿದ್ದಾರೆ. ಶೆಡ್ಡಿನ ಪ್ಲಾಸ್ಟಿಕ್ ಡಬ್ಬಿಯ ಬಾಯಿಯನ್ನೂ ಜೂನ್ ಮೊದಲು ಸರಿಯಾಗಿ ಮುಚ್ಚಬೇಕು. ಅಡಿಕೆಗೆ ಮದ್ದು ಬಿಡಲು ಶುರು ಮಾಡಿದರೆ ಮೈಲುತುತ್ತು ಸುಣ್ಣದ ನೀರು ಅದರ ಮೇಲೆಯೇ ಇಳಿಯುತ್ತದೆ.

ಕನ್ವರ್ಟರ್ ಒಂದೇ ತರಿಸುತ್ತಿದ್ದೇನೆ. ಎ ಒಂದು ಮನೆಯಲ್ಲಿ ಬಿದ್ದಿದೆ, ಈಗ ಬೇಕಿರುವುದು ಬಿ.